ಹಳೆಯ ಡಾಂಬರು ಶಿಂಗಲ್ ಸೂರಿಗೆ ಎಣ್ಣೆ ಹೊಡೆಸಬಹುದೇ? ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಡಾಂಬರು ಶಿಂಗಲ್ ಸೂರಿಗೆ ಈಗ 14 ವರ್ಷ. ಶಿಂಗಲ್ ಅಂದರೆ ಗಾಜಿನ ನಾರಿನ ಹಾಳೆಗೆ ಡಾಂಬರು ಬಳಿದು, ಮೇಲೆ ಕಲ್ಲಿನ ಹರಳು ಅಂಟಿಸಿದ ಹಂಚಿನಂಥ ಪಟ್ಟಿ. ಎಲ್ಲೂ ಸೋರುತ್ತಿಲ್ಲ. ಆದರೆ ಬಿಸಿಲು ಜಾಸ್ತಿ ಬೀಳುವ ಇಳಿಜಾರು ಮಂಕಾಗಿದೆ. ಮಳೆ ಬಂದಾಗಲೆಲ್ಲ ನೀರಿನ ದೋಣಿಯಲ್ಲಿ ಒಂದು ಹಿಡಿ ಹರಳು ಸೇರಿರುತ್ತೆ. ಒಬ್ಬರು ಬಂದು ನೋಡಿ, ಸೋಯಾ ಎಣ್ಣೆಯಿಂದ ಮಾಡಿದ ದ್ರವ ಸಿಂಪಡಿಸಿದರೆ ಶಿಂಗಲ್ ಮತ್ತೆ ಹೊಸದಾಗುತ್ತೆ, ಒಂದು ಸಲಕ್ಕೆ 5 ವರ್ಷ ಆಯಸ್ಸು ಸಿಗುತ್ತೆ ಎಂದರು. ಇನ್ನೊಬ್ಬರು ಅದೆಲ್ಲ ಸುಳ್ಳು, ಪೂರ್ತಿ ಕಿತ್ತು ಹೊಸದು ಹಾಕಿಸಿ ಎಂದರು. ನನಗೆ ತಿಳಿಯಬೇಕಾಗಿರುವುದು ಇಷ್ಟೇ: ಆ ಎಣ್ಣೆ ಒಳಗೆ ಹೋಗಿ ನಿಜವಾಗಿ ಏನು ಮಾಡುತ್ತೆ? ಮಾಡಿಸಿದವರು ದಯವಿಟ್ಟು ಬರೆಯಿರಿ.

ಡಾಂಬರು ಲ್ಯಾಬಿನಲ್ಲಿ ಕೆಲಸ ಮಾಡಿದವರು:
ಸರ್, ಇಬ್ಬರ ಮಾತೂ ಅರ್ಧರ್ಧ ಸರಿ. ನಾನು ರಸ್ತೆ ಡಾಂಬರಿನ ಲ್ಯಾಬಿನಲ್ಲಿ ತುಂಬಾ ವರ್ಷ ಇದ್ದವನು. ನಮ್ಮ ಮನೆ ಸೂರಿಗೂ ಇದನ್ನು ಹೊಡೆಸಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಒಳಗೆ ಏನಾಗುತ್ತೆ ಅಂತ ಗೊತ್ತಾದರೆ ನಿಮ್ಮ ತೀರ್ಮಾನ ನೀವೇ ಮಾಡಬಹುದು.

ಡಾಂಬರು ಒಂದೇ ವಸ್ತು ಅಲ್ಲ. ಅದರಲ್ಲಿ ನಾಲ್ಕು ಗುಂಪು: ಸ್ಯಾಚುರೇಟ್, ಅರೋಮ್ಯಾಟಿಕ್, ರೆಸಿನ್, ಆಸ್ಫಾಲ್ಟೀನ್. ಮೊದಲ ಮೂರನ್ನು ಸೇರಿಸಿ ಮಾಲ್ಟೀನ್ ಎನ್ನುತ್ತಾರೆ. ಅದು ಎಣ್ಣೆಯ ಭಾಗ. ಆಸ್ಫಾಲ್ಟೀನ್ ಗಟ್ಟಿ ಭಾಗ. ಲ್ಯಾಬಿನಲ್ಲಿ ಡಾಂಬರಿಗೆ ಹೆಪ್ಟೇನ್ ಎಂಬ ದ್ರಾವಕ ಸುರಿದು ಕಲಕಿ ಇಟ್ಟರೆ ತಳದಲ್ಲಿ ಕಪ್ಪು ಚೂರು ಕೂರುತ್ತವೆ. ಸೋಸಿ ಒಣಗಿಸಿದರೆ ಪುಡಿ ಪುಡಿ. ಬೆರಳಲ್ಲಿ ಉಜ್ಜಿದರೆ ಅಂಟುವುದೇ ಇಲ್ಲ. ಇದೇ ಪುಡಿ ಡಾಂಬರಿನ ಒಳಗಿದ್ದಾಗ ಅಷ್ಟು ಅಂಟು ಹೇಗೆ ಬಂತು ಅಂತ ಮೊದಲ ಸಲ ನೋಡಿದವರಿಗೆ ಆಶ್ಚರ್ಯ ಆಗುತ್ತೆ. ಅದನ್ನು ತೇಲಿಸಿ ಹಿಡಿದುಕೊಂಡಿದ್ದುದು ಮಾಲ್ಟೀನ್. ಡಾಂಬರು ಬಗ್ಗುವುದು, ಎಳೆದರೆ ಹಿಗ್ಗುವುದು ಎಲ್ಲ ಆ ಎಣ್ಣೆ ಭಾಗದಿಂದ.

ಇನ್ನು ಶಿಂಗಲ್ ಡಾಂಬರಿನ ವಿಷಯ. ಅದು ಹುಟ್ಟುವಾಗಲೇ ಅರ್ಧ ಮುದಿಯಾಗಿರುತ್ತೆ. ಕಾರ್ಖಾನೆಯಲ್ಲಿ ಸುಮಾರು 230ರಿಂದ 260 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ಡಾಂಬರಿಗೆ ಗಾಳಿ ಊದುತ್ತಾರೆ. ಬೇಕಂತಲೇ ಗಟ್ಟಿ ಮಾಡುತ್ತಾರೆ. ರಸ್ತೆಗೆ ಹಾಕುವ ಸಾಮಾನ್ಯ ಡಾಂಬರು 50 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತೆ. ಬೇಸಿಗೆಯಲ್ಲಿ ಸೂರಿನ ಮೇಲ್ಮೈ 70 ಡಿಗ್ರಿ ಮುಟ್ಟಬಹುದು. ಊದದೆ ಹಾಗೇ ಬಳಿದರೆ ಇಳಿಜಾರಿನಲ್ಲಿ ಜಾರಿ ಬಂದುಬಿಡುತ್ತೆ. ಅದಕ್ಕೇ ಎಎಸ್‌ಟಿಎಂ ಡಿ 3462 ಎಂಬ ಅಮೆರಿಕದ ಮಾನದಂಡದಲ್ಲಿ ಶಿಂಗಲ್ ಲೇಪನದ ಡಾಂಬರು ಮೆತ್ತಗಾಗುವ ಬಿಸಿ 88ರಿಂದ 113 ಡಿಗ್ರಿ ನಡುವೆ ಇರಬೇಕು ಅಂತ ಇದೆ. ಅದರ ಮೇಲೆ ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸುತ್ತಾರೆ. ತೂಕದಲ್ಲಿ ಡಾಂಬರಿಗಿಂತ ಪುಡಿಯೇ ಜಾಸ್ತಿ. ಅಂದರೆ ಹೊಸ ಶಿಂಗಲ್‌ನಲ್ಲೂ ಎಣ್ಣೆಯ ದಾಸ್ತಾನು ಕಡಿಮೆಯೇ.

ಸೂರಿನ ಮೇಲೆ ಕೂತ ಮೇಲೆ ಆ ಮುಪ್ಪು ನಿಧಾನಕ್ಕೆ ಮುಂದುವರಿಯುತ್ತೆ. ಹಗುರ ಎಣ್ಣೆ ಸ್ವಲ್ಪ ಆವಿಯಾಗುತ್ತೆ. ಆದರೆ ದೊಡ್ಡ ಕೆಲಸ ಆಮ್ಲಜನಕದ್ದು. ಗಂಧಕ ಇರುವ ಅಣುಗಳು ಸಲ್ಫಾಕ್ಸೈಡ್ ಆಗುತ್ತವೆ, ಇಂಗಾಲದ ಕೆಲವು ಜಾಗಗಳಲ್ಲಿ ಕೀಟೋನ್ ಹುಟ್ಟುತ್ತೆ. ಇವೆಲ್ಲ ಒಂದನ್ನೊಂದು ಎಳೆದುಕೊಳ್ಳುವ ಸ್ವಭಾವದವು. ಅರೋಮ್ಯಾಟಿಕ್ ಆಗಿದ್ದದ್ದು ರೆಸಿನ್ ಆಗುತ್ತೆ, ರೆಸಿನ್ ಆಸ್ಫಾಲ್ಟೀನ್ ಆಗುತ್ತೆ. ಎಣ್ಣೆ ಕಡಿಮೆ, ಪುಡಿ ಜಾಸ್ತಿ. ಶಿಂಗಲ್ ಪೆಡಸಾಗುತ್ತೆ, ಚಳಿಯಲ್ಲಿ ಕುಗ್ಗುವಾಗ ಬಿರಿಯುತ್ತೆ, ಹರಳಿನ ಮೇಲಿನ ಹಿಡಿತ ಸಡಿಲವಾಗುತ್ತೆ. ಹರಳು ಅಂದಕ್ಕೆ ಅಂದುಕೊಳ್ಳಬೇಡಿ. ಅತಿನೇರಳೆ ಕಿರಣ ಡಾಂಬರಿಗೆ ತಾಗದಂತೆ ತಡೆಯುವುದು ಅವೇ. ಒಂದು ಹರಳು ಬಿದ್ದರೆ ಅಷ್ಟು ಜಾಗ ಬಿಸಿಲಿಗೆ ತೆರೆದುಕೊಳ್ಳುತ್ತೆ, ಪಕ್ಕದ ಹರಳೂ ಸಡಿಲವಾಗುತ್ತೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಸೋಯಾ ದ್ರವ ಅಂದರೆ ಸಾಮಾನ್ಯವಾಗಿ ಸೋಯಾ ಎಣ್ಣೆಯ ಮೀಥೈಲ್ ಎಸ್ಟರ್ (ಎಣ್ಣೆಯನ್ನು ಮೆಥನಾಲ್ ಜೊತೆ ಸೇರಿಸಿ ಮಾಡಿದ ತೆಳು ದ್ರವ), ನೀರಿನಲ್ಲಿ ಹಾಲಿನ ಹಾಗೆ ಕದಡಿರುತ್ತಾರೆ. ಎಣ್ಣೆಯನ್ನೇ ಯಾಕೆ ಹೊಡೆಯಬಾರದು? ಎಣ್ಣೆ ದಪ್ಪ. 40 ಡಿಗ್ರಿಯಲ್ಲಿ ಸೋಯಾ ಎಣ್ಣೆಯ ಸ್ನಿಗ್ಧತೆ ಸುಮಾರು 32 ಸೆಂಟಿಸ್ಟೋಕ್, ಎಸ್ಟರ್‌ನದ್ದು 4ರ ಹತ್ತಿರ. ಅಣುವೂ ಚಿಕ್ಕದು. ಅದಕ್ಕೇ ಅದು ಡಾಂಬರಿನ ಒಳಗೆ ಇಳಿಯುತ್ತೆ. ಇಳಿದು ಆಸ್ಫಾಲ್ಟೀನ್ ಗಂಟುಗಳ ನಡುವೆ ಸೇರಿ ಅವು ಒಂದಕ್ಕೊಂದು ಕಚ್ಚಿಕೊಳ್ಳದಂತೆ ಬಿಡಿಸುತ್ತೆ. ಕಳೆದುಹೋದ ಮಾಲ್ಟೀನ್‌ನ ಜಾಗದಲ್ಲಿ ನಿಲ್ಲುತ್ತೆ. ಶಿಂಗಲ್ ಮತ್ತೆ ಸ್ವಲ್ಪ ಬಗ್ಗುತ್ತೆ. ಇದು ನಿಜ.

ಆದರೆ ಮುಪ್ಪು ಹಿಂದಕ್ಕೆ ಹೋಗುವುದಿಲ್ಲ. ಹುಟ್ಟಿದ ಕೀಟೋನ್ ಅಲ್ಲೇ ಇರುತ್ತೆ. ಎಣ್ಣೆ ಹಾಕಿದ ಹಳೆ ಡಾಂಬರನ್ನು ಇನ್‌ಫ್ರಾರೆಡ್ ಯಂತ್ರದಲ್ಲಿ ಇಟ್ಟರೆ ಅದರ ಗ್ರಾಫಿನಲ್ಲಿ ಅಲೆಸಂಖ್ಯೆ 1700ರ ಹತ್ತಿರ ಕೀಟೋನ್‌ನ ಉಬ್ಬು ಹಾಗೇ ಕಾಣುತ್ತೆ. ಅದರ ಪಕ್ಕ 1740ರ ಹತ್ತಿರ ಹೊಸದಾಗಿ ಎಸ್ಟರ್‌ನ ಇನ್ನೊಂದು ಉಬ್ಬು ಎದ್ದಿರುತ್ತೆ, ಅಷ್ಟೇ. ಮಾರುವವರು 'ಹೊಸದಾಗುತ್ತೆ' ಎಂದಾಗ ನನಗೆ ಬೇಸರವಾಗುವುದು ಇದಕ್ಕೇ. ಒಣಗಿದ ಚಪ್ಪಲಿ ತೊಗಲಿಗೆ ಎಣ್ಣೆ ಸವರಿದರೆ ಮೆತ್ತಗಾಗುತ್ತೆ ಅಲ್ವಾ, ಆದರೆ ಬಿರಿದಿದ್ದು ಕೂಡುವುದಿಲ್ಲ. ಇದೂ ಹಾಗೇ. ಉದುರಿದ ಹರಳು ವಾಪಸ್ ಬರುವುದಿಲ್ಲ.

ಇನ್ನೊಂದು ಮಾತು. ಸೋಯಾದ ಕೊಬ್ಬಿನ ಆಮ್ಲಗಳಲ್ಲಿ ಅರ್ಧದಷ್ಟು ಲಿನೋಲಿಯಿಕ್. ಅದರಲ್ಲಿ ಎರಡೆರಡು ಜೋಡಿಬಂಧ ಇವೆ. ಅಲ್ಲಿಗೂ ಆಮ್ಲಜನಕ ಬಂದು ಕೂರುತ್ತೆ. ಅಂದರೆ ಹಾಕಿದ ಎಣ್ಣೆಗೂ ಮುಪ್ಪು ಬರುತ್ತೆ. ಆದ್ದರಿಂದ ಇದು ಒಂದು ಸಲ ಮಾಡಿ ಮರೆಯುವ ಕೆಲಸ ಅಲ್ಲ.

ಎರಡು ಸಲ ಹೊಡೆಸಿದವರು:
ಮೇಲಿನ ಸರ್ ಬರೆದಿದ್ದು ಓದಿ, ನಮ್ಮಲ್ಲಿ ಯಾಕೆ ಎಡವಟ್ಟಾಯಿತು ಅಂತ ಈಗ ಅರ್ಥವಾಯಿತು. ಮೊದಲ ಸಲ ಒಳ್ಳೆಯ ಬಿಸಿಲಿನ ದಿನ ಹೊಡೆದರು. ಸಂಜೆಗೆಲ್ಲ ಹೀರಿಕೊಂಡು, ಮುಟ್ಟಿದರೆ ಕೈಗೆ ಏನೂ ಹತ್ತಲಿಲ್ಲ. ದೋಣಿಯಲ್ಲಿ ಹರಳು ಬೀಳುವುದು ಎದ್ದು ಕಾಣುವಷ್ಟು ಕಡಿಮೆಯಾಯಿತು. ಎರಡನೆಯ ಸಲ ಬೇರೆಯವರಿಂದ ಮಾಡಿಸಿದೆ. ಅವರು ಚಳಿ ಶುರುವಾದ ಮೇಲೆ ಬಂದರು. ಮೊದಲು ಹೊಡೆದದ್ದು ಒಳಗೆ ಹೋಗುತ್ತಿಲ್ಲ ಅಂತ ಅದರ ಮೇಲೇ ಮತ್ತೊಂದು ಸುತ್ತು ಹೊಡೆದರು. ಎರಡು ದಿನ ಆದರೂ ಜಿಡ್ಡು ಹೊಳೆಯುತ್ತಿತ್ತು. ಮೂರನೆಯ ದಿನ ಮಳೆ. ಗೋಡೆ ಮೇಲೆ ಕಂದು ಗೆರೆ ಇಳಿಯಿತು, ಕೆಳಗಿನ ಗಿಡದ ಎಲೆ ಸುಟ್ಟ ಹಾಗಾಯಿತು. ಮುಂದಿನ ಬೇಸಿಗೆಯಲ್ಲಿ ಒಬ್ಬರು ಹತ್ತಿದಾಗ ಬೂಟಿನ ಗುರುತು ಅಚ್ಚು ಬಿತ್ತು. ಆ ಗುರುತಿನಲ್ಲಿ ಹರಳು ಪಕ್ಕಕ್ಕೆ ಸರಿದು ಕರಿ ಡಾಂಬರು ಕಾಣುತ್ತಿತ್ತು. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂತ ನಾನೂ ಅಂದುಕೊಂಡು ಸುಮ್ಮನಿದ್ದೆ. ನೀವು ಹಾಗೆ ಇರಬೇಡಿ.

ಇನ್ನೊಬ್ಬರು:
ಇಷ್ಟೆಲ್ಲ ಯಾಕೆ? ಎಣ್ಣೆ ತಾನೇ ಬೇಕಾಗಿರುವುದು. ಡೀಸೆಲ್‌ಗೆ ಹಳೆ ಎಂಜಿನ್ ಆಯಿಲ್ ಬೆರೆಸಿ ಹೊಡೆದರೆ ಆಗಲ್ವಾ?

ಡಾಂಬರು ಲ್ಯಾಬಿನಲ್ಲಿ ಕೆಲಸ ಮಾಡಿದವರು:
ದಯವಿಟ್ಟು ಬೇಡ. ಡೀಸೆಲ್ 52 ಡಿಗ್ರಿ ಸುಮಾರಿಗೇ ಕಿಡಿ ಹತ್ತುವಷ್ಟು ಆವಿ ಬಿಡಬಹುದು. ಸೂರು 70 ಡಿಗ್ರಿ ಆಗುತ್ತೆ ಅಂತ ಮೇಲೆ ಬರೆದಿದ್ದೇನೆ. ನೀವು ಮನೆ ತಲೆ ಮೇಲೆ ಬೆಂಕಿ ಇಟ್ಟುಕೊಂಡ ಹಾಗೆ. ಮೀಥೈಲ್ ಎಸ್ಟರ್‌ಗೆ ಆ ಮಿತಿ ಸಾಮಾನ್ಯವಾಗಿ 130 ಡಿಗ್ರಿಗಿಂತ ಮೇಲಿದೆ. ಎಂಜಿನ್ ಆಯಿಲ್‌ದು ಬೇರೆ ಸಮಸ್ಯೆ. ಅದು ಬಹುಮಟ್ಟಿಗೆ ಪ್ಯಾರಫಿನ್ ಜಾತಿಯದು. ಹೆಪ್ಟೇನ್ ಸುರಿದರೆ ಆಸ್ಫಾಲ್ಟೀನ್ ತಳಕ್ಕೆ ಕೂರುತ್ತೆ ಎಂದೆನಲ್ಲ, ಹೆಪ್ಟೇನ್ ಕೂಡ ಪ್ಯಾರಫಿನ್ ಜಾತಿಯದೇ. ಅದೇ ಆಸ್ಫಾಲ್ಟೀನ್ ಅರೋಮ್ಯಾಟಿಕ್ ಜಾತಿಯ ಟೊಲುವಿನ್‌ನಲ್ಲಿ ಚೆನ್ನಾಗಿ ಕರಗುತ್ತೆ. ಎಲ್ಲ ಎಣ್ಣೆಯೂ ಆಸ್ಫಾಲ್ಟೀನ್‌ಗೆ ಒಗ್ಗುವುದಿಲ್ಲ. ಒಗ್ಗದ ಎಣ್ಣೆ ಹಾಕಿದರೆ ಮೇಲೆ ಮೆತ್ತಗೆ ಕಂಡರೂ ಒಳಗೆ ಗಂಟು ಇನ್ನೂ ಬಿಗಿಯಾಗಬಹುದು. ಜೊತೆಗೆ ಹಳೆ ಆಯಿಲ್‌ನಲ್ಲಿರುವ ಲೋಹದ ಅಂಶವೆಲ್ಲ ಮಳೆ ನೀರಿನಲ್ಲಿ ಮಣ್ಣಿಗೆ ಇಳಿಯುತ್ತೆ.

ಎರಡು ಸಲ ಹೊಡೆಸಿದ ಮೇಡಂ ಹೇಳಿದ್ದು ಬಹಳ ಮುಖ್ಯ. ಸೋಯಾ ಮೀಥೈಲ್ ಎಸ್ಟರ್ ಒಳ್ಳೆಯ ದ್ರಾವಕ. ಸಲಕರಣೆಗೆ ಅಂಟಿದ ಡಾಂಬರು ಬಿಡಿಸಲು ಇದನ್ನೇ ಬಳಸುತ್ತಾರೆ. ಹದ ಮೀರಿದರೆ ಸೂರಿನ ಮೇಲೂ ಅದೇ ಕೆಲಸ ಮಾಡುತ್ತೆ. ಚಳಿಯಲ್ಲಿ ಡಾಂಬರು ಬಿಗಿದುಕೊಂಡಿರುತ್ತೆ, ಎಣ್ಣೆ ಇಳಿಯುವ ವೇಗ ತೀರಾ ಕಮ್ಮಿ. ಮೇಲೇ ನಿಂತ ಎಣ್ಣೆಯನ್ನು ಮಳೆ ಹೊತ್ತುಕೊಂಡು ಹೋಗುತ್ತೆ. ಬೆಚ್ಚಗಿನ ದಿನ, ಒಣ ಸೂರು, ಮುಂದೆ ಮಳೆ ಇಲ್ಲದ ಹೊತ್ತು. ಒಂದೇ ತೆಳು ಸುತ್ತು ಸಾಕು.

ಸೂರಿನ ಕೆಲಸ ಮಾಡುವವರು:
ರಸಾಯನದ ವಿಷಯ ನನಗೆ ಅಷ್ಟು ಗೊತ್ತಿಲ್ಲ ಅಣ್ಣ, ಹತ್ತಿ ನೋಡಿದ್ದು ಹೇಳುತ್ತೇನೆ. ಸೋರುವ ಸೂರುಗಳಲ್ಲಿ ನಾನು ಕಂಡ ಹಾಗೆ ಶಿಂಗಲ್‌ನ ನಡುವಿನಿಂದ ನೀರು ಬರುವುದು ಅಪರೂಪ. ಚಿಮಣಿ ಬುಡದ ತಗಡು, ಎರಡು ಇಳಿಜಾರು ಕೂಡುವ ಕಣಿವೆ, ಪೈಪಿನ ಸುತ್ತ ಇರುವ ರಬ್ಬರ್ ಬಳೆ, ಇಲ್ಲೇ ಬರುವುದು. ರಬ್ಬರ್ ಬಳೆ ಶಿಂಗಲ್‌ಗಿಂತ ಮೊದಲೇ ಬಿರಿಯುತ್ತೆ. ಯಾವ ಎಣ್ಣೆಯೂ ಅದನ್ನು ಸರಿ ಮಾಡಲ್ಲ. ಹೊಡೆಸುವ ಮೊದಲು ಇವನ್ನು ನೋಡಿಸಿ.

ಶಿಂಗಲ್‌ನ ಅಂಚನ್ನು ನೀವೇ ಎತ್ತಿ ಬಗ್ಗಿಸಿ ನೋಡಬೇಡಿ. ಕೆಳಗಿನ ಅಂಟು ಪಟ್ಟಿ ಬಿಟ್ಟರೆ ಗಾಳಿಗೆ ಹಾರುತ್ತೆ. ಕೆಲಸದವರಿಂದ ಮೂಲೆಯ ಒಂದು ಶಿಂಗಲ್ ತೆಗೆಸಿ, ಅಲ್ಲಿಗೆ ಹೊಸದು ಹಾಕಿಸಿ. ತೆಗೆದದ್ದನ್ನು ಬೆಚ್ಚಗಿರುವಾಗ ಕೈಯಲ್ಲಿ ನಿಧಾನ ಬಗ್ಗಿಸಿ. ಬಗ್ಗಿ ವಾಪಸ್ ಬಂದರೆ ಜೀವ ಇದೆ. ಲಟಕ್ ಅಂತ ಮುರಿದು ಒಳಗಿನ ಗಾಜಿನ ನಾರು ಹೊರಗೆ ಬಂದರೆ ದುಡ್ಡು ಎಣ್ಣೆಗೆ ಹಾಕಬೇಡಿ. ಅಂಚು ಸುರುಳಿ ಸುತ್ತಿದ್ದರೂ ಅಷ್ಟೇ.

ಮತ್ತೆ ಅಟ್ಟದ ಗಾಳಿ. ಸೂರಿನ ಕೆಳಗೆ ಗಾಳಿ ಆಡದಿದ್ದರೆ ಶಿಂಗಲ್ ಎರಡೂ ಕಡೆಯಿಂದ ಬೇಯುತ್ತೆ. ಗಾಳಿ ಹೋಗುವ ಕಿಂಡಿ ಮುಚ್ಚಿಕೊಂಡಿದೆಯಾ ನೋಡಿ. ಕರಿ ಗೆರೆ ಕಂಡರೆ ಮುಪ್ಪು ಅಂದುಕೊಳ್ಳಬೇಡಿ, ಅದು ಗ್ಲಿಯೋಕ್ಯಾಪ್ಸಾ ಮ್ಯಾಗ್ಮಾ ಅನ್ನುವ ಪಾಚಿಯಂಥದ್ದು. ಅದಕ್ಕೆ ಜೋರು ನೀರಿನ ಯಂತ್ರ ಹಿಡಿಯಲೇಬೇಡಿ, ಇರುವ ಹರಳೂ ಹೋಗುತ್ತೆ. ಎಣ್ಣೆ ಹೊಡೆದ ದಿನ ಮೇಲೆ ಹತ್ತಲೂ ಬೇಡಿ, ಕಾಲು ನಿಲ್ಲಲ್ಲ.

ಡಾಂಬರು ಲ್ಯಾಬಿನಲ್ಲಿ ಕೆಲಸ ಮಾಡಿದವರು:
ಒಂದು ಬಿಟ್ಟುಹೋಗಿತ್ತು. ಕೆಲವರು ಇದೇ ಹೆಸರಿನಲ್ಲಿ ಪೇಂಟಿನಂಥ ಪದರ ಬಳಿಯುತ್ತಾರೆ. ಅದು ಬೇರೆ, ಇದು ಬೇರೆ. ಮೇಲೆ ಪದರ ಕಟ್ಟುವ ಲೇಪನ ತೇವವನ್ನು ಶಿಂಗಲ್ ಕೆಳಗಿನ ಹಲಗೆಯಲ್ಲೇ ಹಿಡಿದಿಟ್ಟುಬಿಡಬಹುದು, ಒಣಗುವಾಗ ಶಿಂಗಲ್ ಅಂಚನ್ನು ಎಳೆದು ಸುರುಳಿಸಬಹುದು. ಅಮೆರಿಕದ ಶಿಂಗಲ್ ತಯಾರಕರ ಸಂಘ ಆರ್ಮಾ ಕೂಡ ಅಂಥ ಲೇಪನವನ್ನು ಶಿಫಾರಸು ಮಾಡುವುದಿಲ್ಲ. 'ನಿಮ್ಮದು ಒಳಗೆ ಇಳಿಯುತ್ತಾ, ಮೇಲೆ ಪದರ ಕಟ್ಟುತ್ತಾ' ಅಂತ ನೇರ ಕೇಳಿ. ಶಿಂಗಲ್‌ನ ವಾರಂಟಿ ಇನ್ನೂ ಇದ್ದರೆ, ಇದನ್ನು ಹೊಡೆಸಿದರೆ ಅದು ಉಳಿಯುತ್ತಾ ಅಂತ ತಯಾರಕರಿಂದ ಬರಹದಲ್ಲಿ ಪಡೆಯಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳಿದ ಹಾಗೆ ಎರಡು ಕಡೆಯಿಂದ ಒಂದೊಂದು ಶಿಂಗಲ್ ತೆಗೆಸಿದೆ. ನೆರಳಿನ ಕಡೆಯದು ಚೆನ್ನಾಗಿ ಬಗ್ಗಿತು, ಕೈ ಬಿಟ್ಟರೆ ನಿಧಾನಕ್ಕೆ ನೆಟ್ಟಗಾಯಿತು. ಬಿಸಿಲಿನ ಕಡೆಯದು ಅರ್ಧ ಬಗ್ಗುವಷ್ಟರಲ್ಲಿ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಬಂತು, ಆದರೆ ಮುರಿಯಲಿಲ್ಲ. ಪೈಪಿನ ರಬ್ಬರ್ ಬಳೆ ಎರಡು ಕಡೆ ಸೀಳಿತ್ತು. ಅದನ್ನು ಇವತ್ತೇ ಬದಲಿಸಿದರು. ಅಟ್ಟದ ಕಿಂಡಿಗೆ ಅಡ್ಡ ಇದ್ದ, ಶಾಖ ತಡೆಯಲು ಹಾಸಿದ್ದ ಹತ್ತಿಯನ್ನು ನಾನೇ ಸರಿಸಿದೆ. ಬೆಚ್ಚಗಿನ ದಿನಗಳು ಬಂದ ಮೇಲೆ ಬಿಸಿಲಿನ ಇಳಿಜಾರಿಗೆ ಮಾತ್ರ, ಒಂದೇ ಸುತ್ತು ಹೊಡೆಸುತ್ತೇನೆ. ಅದಕ್ಕೂ ಮೊದಲು ತೆಗೆದ ಶಿಂಗಲ್‌ನ ಅರ್ಧಕ್ಕೆ ಅವರ ದ್ರವ ಹಚ್ಚಿಸಿ, ಇನ್ನರ್ಧ ಹಾಗೇ ಬಿಟ್ಟು, ಎರಡನ್ನೂ ಬಿಸಿಲಲ್ಲಿ ಇಟ್ಟು ಬಗ್ಗಿಸಿ ನೋಡುತ್ತೇನೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.