ಎರಡು ಬಿಲ್ಲೆ ಒಂದರ ಮೇಲೊಂದು ಹತ್ತಿದರೆ ಸರಾಸರಿ ನಿಯಮದ ಗತಿ?

ಸೊನ್ನೆಸುತ್ತು:
ಬಿಲ್ಲೆಯ ಮೇಲೆ ಯಾವ ಹಾರ್ಮೋನಿಕ್ ಫಂಕ್ಷನ್ u (ಅಂದರೆ u_xx + u_yy = 0 ಆಗೋದು) ಇಂಟಿಗ್ರೇಟ್ ಮಾಡಿದರೂ ಉತ್ತರ πr² × ಕೇಂದ್ರದಲ್ಲಿನ u. ಇಷ್ಟು ಗೊತ್ತು. ಈಗ ಕೇಂದ್ರಗಳು (−1,0), (1,0); r = √2. ಬಿಲ್ಲೆಗಳು ನಡುವೆ ಒಂದರ ಮೇಲೊಂದು ಹತ್ತುತ್ತವೆ. "ಎರಡೂ ಬಿಂದುಗಳ u ಕೂಡಿಸಿ 2πಯಿಂದ ಗುಣಿಸಿದಷ್ಟೇ ಇಂಟಿಗ್ರಲ್ ಬರೋ ಒಂದೇ ಪ್ರದೇಶ ಹುಡುಕು" ಅಂತ ಮೇಷ್ಟ್ರು ಹೇಳಿ ಹೋದರು. ಗಡಿಯೇ ಗೊತ್ತಿಲ್ಲದೆ ಎಲ್ಲಿಂದ ಶುರು ಮಾಡಲಿ?

ಗಡಿಬಿಡಿ:
ಗಡಿ ಹುಡುಕೋದೇ ಲೆಕ್ಕ ಮಾರಾಯ, ಅದಕ್ಕೇ ಇದು ಫ್ರೀ ಬೌಂಡರಿ. ಪ್ರತಿ ಬಿಲ್ಲೆಯ ಸಾಂದ್ರತೆ 1 ಅಂದುಕೋ, ಹತ್ತಿದ ನಡುವೆ 2 ಆಗಿದೆ. ಆ ಹೆಚ್ಚುವರಿಯನ್ನ ಆಚೆಗೆ ಗುಡಿಸಬೇಕು: ಎಲ್ಲೂ 1 ಮೀರಬಾರದು, ಹೊರಗಿನ ಪೊಟೆನ್ಶಿಯಲ್ (ಆ ತೂಕ ಹೊರಗೆ ಹುಟ್ಟಿಸೋ ಗುರುತ್ವದಂಥದ್ದು) ಕದಲಬಾರದು. ಕೊನೆಗೆ ನಿಲ್ಲೋದು ನ್ಯೂಮನ್ ಓವಲ್:
(x²+y²)² = 6x² + 2y²
ಚಿತ್ರ ಬರೆದು ನೋಡು. ಬಿಲ್ಲೆಗಳ ತುದಿ 2.41ರಲ್ಲಿತ್ತು, ಓವಲ್‌ನದು 2.45; ಹೆಚ್ಚುಕಮ್ಮಿ ಅಲ್ಲೇ. ಸೊಂಟ ಮಾತ್ರ 1ರಿಂದ 1.41ಕ್ಕೆ ಉಬ್ಬಿದೆ. ಗುಡಿಸಿದ್ದೆಲ್ಲ ಬಹುಪಾಲು ಅಲ್ಲಿಗೇ ಹೋಯ್ತು.
ನನ್ನ ಮಾತು ನಂಬಬೇಡ, u = x²−y² ಹಾಕು. ಪೋಲಾರ್‌ನಲ್ಲಿ ρ² = 4+2cos2θ, ¼∫ρ⁴cos2θ dθ = 4π. ಆ ಕಡೆ 2π(1+1), ಅದೂ 4π.

ಸೊನ್ನೆಸುತ್ತು:
ತಾಳೆ ಆಯ್ತು ಸಾರ್! ಆದರೆ ನೋಡೋಕೆ ಎಲಿಪ್ಸ್ ಥರಾನೇ ಇದೆಯಲ್ಲ, ಎಲಿಪ್ಸೇ ಸಾಲದಾ?

ಗಡಿಬಿಡಿ:
ಸಾಲದು. ಎಲಿಪ್ಸ್‌ನ ಶ್ವಾರ್ಟ್ಸ್ ಫಂಕ್ಷನ್‌ಗೆ (ಗಡಿಯ ಮೇಲೆ x−iyಗೆ ಸಮವಾಗೋ, z = x+iyಯ ಅನಲಿಟಿಕ್ ಫಂಕ್ಷನ್) ಎರಡೂ ನಾಭಿಗಳಲ್ಲಿ ಬ್ರಾಂಚ್ ಪಾಯಿಂಟ್, ಅಂದರೆ ಸುತ್ತಿ ಬಂದರೆ ಬೆಲೆ ಬದಲಾಗೋ ಬಿಂದು. ಹಾಗಾಗಿ ತೂಕ ನಾಭಿಗಳ ನಡುವಿನ ಗೆರೆ ಉದ್ದಕ್ಕೂ ಹರಡುತ್ತೆ, ಬೆರಳೆಣಿಕೆ ಬಿಂದುಗಳಲ್ಲಿ ಮುಗಿಯಲ್ಲ. ನಮಗೆ ಒಳಗೆ ಬರೀ ಪೋಲ್‌ಗಳಿರಬೇಕು, ಅಂದರೆ ಬೆಲೆ ಅನಂತಕ್ಕೆ ಹೋಗೋ ಬಿಡಿ ಬಿಂದುಗಳು. ಕ್ವಾಡ್ರೇಚರ್ ಡೊಮೈನ್ (ಹೀಗೆ ಬೆರಳೆಣಿಕೆ ಬಿಂದುಗಳಿಂದಲೇ ಇಂಟಿಗ್ರಲ್ ಸಿಗೋ ಪ್ರದೇಶ) ಆದರೆ ಗಡಿ ಆಲ್ಜಿಬ್ರಾಯಿಕ್ (ಪಾಲಿನಾಮಿಯಲ್ ಸಮೀಕರಣದ್ದು) ಅಂತ ಅಹರೊನೊವ್, ಶಪಿರೊ 1976ರಲ್ಲಿ ತೋರಿಸಿದ್ದಾರೆ. ಉಲ್ಟಾ ಮಾಡಿದರೆ ನಿಲ್ಲಲ್ಲ ಅನ್ನೋದಕ್ಕೆ ನಿನ್ನ ಎಲಿಪ್ಸೇ ಸಾಕ್ಷಿ.

ಎರಡು_ಗಾಜು:
ಸೂತ್ರ ಬೇಜಾರಾದರೆ ಲ್ಯಾಬಿಗೆ ಬನ್ನಿ. ಒಂದರ ಮೇಲೊಂದು ಗಾಜು, ನಡುವೆ ಕೂದಲೆಳೆ ಸಂದು, ಎರಡು ತೂತಿನಿಂದ ಸಮಸಮ ಗ್ಲಿಸರಿನ್. ಇದು ಹೀಲ್-ಶಾ ಸೆಲ್. ನಿಮ್ಮ ಅಳತೆಯಲ್ಲಿ r = 1 ಆದಾಗ ಎರಡು ಹನಿ ತಾಗುತ್ತವೆ, ಆಮೇಲೆ ಬೆಳೆಯೋದು ಇದೇ ಓವಲ್ (ಮೇಲ್ಮೈ ಸೆಳೆತ ಲೆಕ್ಕಕ್ಕೆ ಹಿಡಿಯದಿದ್ದರೆ). ಯಾಕಂತ 1972ರ ರಿಚರ್ಡ್‌ಸನ್ ಪೇಪರ್ ಹೇಳುತ್ತೆ: ಒಂದೇ ತೂತಾದರೆ, ಅದರ ಸುತ್ತ ಲೆಕ್ಕ ಹಾಕಿದ ಹಾರ್ಮೋನಿಕ್ ಮೊಮೆಂಟ್‌ಗಳಲ್ಲಿ (ಪ್ರದೇಶದ ಮೇಲೆ zⁿ ಇಂಟಿಗ್ರಲ್ಲುಗಳು) ವಿಸ್ತೀರ್ಣ ಒಂದೇ ಬದಲಾಗೋದು; ಎರಡಾದರೆ ಇಂಟಿಗ್ರಲ್ ಎರಡೂ ತೂತಿನ u ಮೊತ್ತದ ಪ್ರಕಾರ ಬೆಳೆಯುತ್ತೆ. ಸಿರಿಂಜಿನಿಂದ ವಾಪಸ್ ಮಾತ್ರ ಎಳೀಬೇಡಿ. ಹೀರುವಾಗ ಸಮೀಕರಣ ಇಲ್-ಪೋಸ್ಡ್ (ಚೂರು ಅಲುಗಿದರೂ ಉತ್ತರ ಪೂರಾ ಕೆಡುತ್ತೆ), ಗಾಜಿನ ಮೇಲೆ ಗಡಿ ಬೆರಳು ಬೆರಳಾಗಿ ಸೀಳಿಹೋಗುತ್ತೆ.

ಸೊನ್ನೆಸುತ್ತು:
ಮೂರು ತೂತು ತ್ರಿಕೋನದಲ್ಲಿಟ್ಟರೆ ನಡುವೆ ಗಾಳಿ ಸಿಕ್ಕಿಹಾಕ್ಕೊಳ್ಳಲ್ವಾ?

ಎರಡು_ಗಾಜು:
ಹಾಕ್ಕೊಳ್ಳುತ್ತೆ. ನಾವು ನಡುವೆ ನಾಲ್ಕನೇ ತೂತು ಕೊರೆದು ಗಾಳಿ ಹೊರಕ್ಕೆ ಬಿಡ್ತೀವಿ.