ಮೂರು ಮಾಳಿಗೆಯ ಚಾ

"ಕಾರ್ಡು ನೋಡಿ ಮಾಷ್ಟ್ರೇ" ಅಂತ ಶೆಟ್ರು ಅದನ್ನು ಮೇಜಿನ ಮೇಲೆ ಇಟ್ಟರು. ಇಟ್ಟದ್ದು ಸರಿಯಾಗಿ ಚಾ ಚೆಲ್ಲಿದ ಜಾಗದಲ್ಲೇ. ಅವರ ಅರುವತ್ತರ ಕಾರ್ಡು. ಬೆಳಿಗ್ಗೆ ಹೋಮ, ಮಧ್ಯಾಹ್ನ ಊಟ, ಅಲ್ಲಿವರೆಗೆ ಎಲ್ಲ ಸರಿ. ಅದರ ಕೆಳಗೆ ಚಿನ್ನದ ಬಣ್ಣದಲ್ಲಿ ಇನ್ನೊಂದು ಸಾಲು: "ಸಂಜೆ 4ಕ್ಕೆ ಟೆರೇಸಿನಲ್ಲಿ ಕ್ರೂಸ್ ಹೈ ಟೀ."

ನನಗೆ ಈ ಹೈ ಟೀ ಎಂಬ ಶಬ್ದ ಕಂಡರೆ ಆಗುವುದಿಲ್ಲ. ಈಗ ಮಂಗಳೂರಿನಲ್ಲಿ ಸೀಮಂತಕ್ಕೆ ಹೈ ಟೀ, ಬ್ಯಾಂಕಿನವರ ರಿಟೈರ್ಮೆಂಟಿಗೆ ಹೈ ಟೀ, ಪುಸ್ತಕ ಬಿಡುಗಡೆಗೂ ಹೈ ಟೀ. ಹೋಗಿ ನೋಡಿದರೆ ಅದೇ ಒಂದು ಕಟ್ಲೆಟ್, ಒಂದು ಪೇಸ್ಟ್ರಿ, ಕಾಗದದ ಕಪ್ಪಿನಲ್ಲಿ ಎರಡು ಗುಟುಕು. ಅದರಲ್ಲಿ ಹೈ ಅಂತ ಇರುವುದು ಬಿಲ್ಲು ಮಾತ್ರ.

"ಹೈ ಅಂದ್ರೆ ಎಂತ ಶೆಟ್ರೇ?" ಅಂತ ಕೇಳಿದೆ.

"ಹೈ ಅಂದ್ರೆ ಹೈ. ದೊಡ್ಡವರದ್ದು."

"ದೊಡ್ಡವರದ್ದಲ್ಲ ಮಾರಾಯ್ರೇ. ಅದು ಇಂಗ್ಲೆಂಡಿನ ಕೂಲಿಯವರ ಸಂಜೆ ಊಟ. ಕೆಲಸ ಬಿಟ್ಟು ಸುಸ್ತಾಗಿ ಮನೆಗೆ ಬಂದವರು ಊಟದ ಮೇಜಿಗೆ ಕೂತು ಮಾಂಸ, ಬ್ರೆಡ್ಡು, ಚೀಸ್ ತಿಂದು ಜೊತೆಗೆ ಚಾ ಕುಡಿಯುತ್ತಿದ್ದದ್ದು. ನೀವು ಹಡಗಿನಲ್ಲಿ ಕುಡಿದು ಬಂದದ್ದು ಆಫ್ಟರ್‌ನೂನ್ ಟೀ, ಅದು ಬೇರೆ. ಟೈಟಾನಿಕ್ ಉಂಟಲ್ಲ, ಅದು ಮಂಜುಗಡ್ಡೆಗೆ ಗುದ್ದಿದ ದಿನ, 1912ರ ಏಪ್ರಿಲ್ 14ಕ್ಕೆ, ಮೂರನೇ ಕ್ಲಾಸಿನವರಿಗೆ 'ಟೀ' ಅಂತ ಎಂತೆಲ್ಲ ಕೊಟ್ಟರು ಅಂತ ಪಟ್ಟಿ ಈಗಲೂ ಉಂಟು. ತಣ್ಣಗಿನ ಮಾಂಸ, ಚೀಸ್, ಉಪ್ಪಿನಕಾಯಿ, ಬ್ರೆಡ್ಡು, ಬೆಣ್ಣೆ, ಬೇಯಿಸಿದ ಅಂಜೂರ, ಅನ್ನ."

"ಉಪ್ಪಿನಕಾಯಿ ಇತ್ತಾ?" ಭಟ್ರು ತಲೆ ಎತ್ತಿದರು.

"ವಿನೆಗರಿನದ್ದು."

ಭಟ್ರು ತಲೆ ತಗ್ಗಿಸಿ ಮತ್ತೆ ಗೋಳಿಬಜೆಗೆ ಕೈ ಹಾಕಿದರು.

ನಾವು ಕೂತದ್ದು ಕಾರ್‌ಸ್ಟ್ರೀಟಿನ ಓಣಿಯಲ್ಲಿ, ಪೈ ಮಾಮ್‌ನ ಹೋಟೆಲಿನಲ್ಲಿ. ಹೊರಗೆ ಮಳೆ. ತಪ್ಪು ಶೆಟ್ರದ್ದು ಅಂತಲೂ ಹೇಳುವ ಹಾಗಿಲ್ಲ. ಮಗಳು ಲಂಡನ್ನಿನಲ್ಲಿದ್ದಾಳೆ. ಅವಳು ಟಿಕೆಟ್ ಮಾಡಿ ಅಪ್ಪ ಅಮ್ಮನನ್ನು ಸೌತಾಂಪ್ಟನ್ನಿನಲ್ಲಿ ಹಡಗು ಹತ್ತಿಸಿ ನ್ಯೂಯಾರ್ಕಿಗೆ ಕಳಿಸಿದಳು. ಏಳು ರಾತ್ರಿ. ಊರಿಗೆ ಬಂದು ತಿಂಗಳಾಯ್ತು, ಶೆಟ್ರು ಇನ್ನೂ ಹಡಗಿನಿಂದ ಇಳಿದಿಲ್ಲ.

"ಮಧ್ಯಾಹ್ನ ಮೂರೂವರೆ ಅಂದ್ರೆ ಮೂರೂವರೆ. ಬಿಳಿ ಗ್ಲೌಸ್ ಹಾಕಿದವರು ಸಾಲಾಗಿ ಬರ್ತಾರೆ. ಆಚೆ ಪಿಟೀಲು. ಮತ್ತೆ ಸ್ಟ್ಯಾಂಡ್. ನಡುವೆ ಒಂದು ಕಂಬ, ಕಂಬಕ್ಕೆ ಮೂರು ತಟ್ಟೆ. ಕೆಳಗಿನದ್ರಲ್ಲಿ ಸ್ಯಾಂಡ್‌ವಿಚ್, ನಡುವಿನದ್ರಲ್ಲಿ ಸ್ಕೋನ್, ಮೇಲಿನದ್ರಲ್ಲಿ ಕೇಕು. ಕೆಳಗಿನಿಂದಲೇ ಶುರು ಮಾಡ್ಬೇಕು. ರೂಲ್ ಅದು."

"ಗ್ರೌಂಡ್ ಪ್ಲಸ್ ಟೂ" ಅಂದೆ. "ಲಿಫ್ಟ್ ಉಂಟಾ?"

ಶೆಟ್ರು ಕಟ್ಟಿಸಿದ ಅಪಾರ್ಟ್‌ಮೆಂಟು ಕದ್ರಿ ಕಡೆ ಎರಡು, ಬಿಜೈಯಲ್ಲಿ ಒಂದು. ಹಾಗಾಗಿ ನಾನು ಸುಲಭದಲ್ಲಿ ಬಿಡುವವನಲ್ಲ.

"ತಮಾಷೆ ಬೇಡ. ಸ್ಯಾಂಡ್‌ವಿಚ್ ಅಂದ್ರೆ ಹೀಗೆ ಎರಡು ಬೆರಳು ಅಗಲ. ಒಳಗೆ ತೆಳ್ಳಗೆ ಮುಳ್ಳುಸೌತೆ. ಬ್ರೆಡ್ಡಿನ ಅಂಚು ಇಲ್ಲ, ನಾಲ್ಕೂ ಕಡೆ ಕತ್ತರಿಸಿದ್ದು."

"ನಿಮ್ಮದೇ ಲೆಕ್ಕ. ಸೂಪರ್ ಬಿಲ್ಟಪ್‌ನಲ್ಲಿ ಅಂಚು ಸೇರಿಸಿ ದುಡ್ಡು ತೆಗೊಳ್ಳುವುದು, ಕೈಗೆ ಕೊಡುವಾಗ ಅಂಚು ಕಟ್."

"ಆ ಕತ್ತರಿಸಿದ ಅಂಚು ಎಲ್ಲಿ ಹೋಗ್ತದೆ?" ಅಂದರು ಭಟ್ರು. ಅವರಿಗೆ ನಿಜವಾಗಿಯೂ ಅದೇ ಚಿಂತೆ.

"ಮತ್ತೆ ಗ್ರೌಂಡಿನವರನ್ನು ಪೂರ್ತಿ ಖಾಲಿ ಮಾಡಿಸದೆ ಮೇಲೆ ಹೋಗುವ ಹಾಗಿಲ್ಲ. ಕೇಕಿನವನು ಮಾತ್ರ ಮೇಲೆ ಸೀ ವ್ಯೂ ನೋಡಿಕೊಂಡು ಆರಾಮ. ಮೇಂಟೆನೆನ್ಸ್ ಎಲ್ಲರಿಗೂ ಒಂದೇ ರೇಟಾ?"

ಶೆಟ್ರು ಕಾರ್ಡು ಎತ್ತಿ ಅಂಗಿಗೆ ಒರೆಸಿಕೊಂಡರು. ಭಟ್ರು ಅವರ ಸಹಾಯಕ್ಕೆ ಬಂದರು. ಉಡುಪಿಯವರು, ಊಟದ ವಿಷಯದಲ್ಲಿ ನ್ಯಾಯ ತಪ್ಪುವವರಲ್ಲ.

"ನಗಬೇಡಿ ಮಾಷ್ಟ್ರೇ. ನಮ್ಮ ಬಾಳೆಲೆಗೆ ಕ್ರಮ ಇಲ್ವಾ? ತುದಿಗೆ ಉಪ್ಪು, ಮತ್ತೆ ಕೋಸಂಬರಿ, ಪಲ್ಯ, ಎಲ್ಲದಕ್ಕೂ ಜಾಗ ಉಂಟು. ಪಂಕ್ತಿಯಲ್ಲಿ ಕೂತು ಸಾರು ಬರುವ ಮೊದಲೇ ಪಾಯಸ ಕೇಳಿ ನೋಡಿ, ಬಡಿಸುವವ ನಿಮ್ಮ ಕುಲಗೋತ್ರ ಕೇಳ್ತಾನೆ."

"ಅದು ಹಂಚಿನ ಮನೆ ಭಟ್ರೇ. ಎಲ್ಲರೂ ನೆಲದಲ್ಲೇ ಇದ್ದಾರೆ. ಉಪ್ಪಿನಕಾಯಿಗೆ ಬೇಸರ ಆದ್ರೆ ಅಂಗಳ ದಾಟಿ ಪಲ್ಯದ ಹತ್ತಿರ ಹೋಗಿ ಬರಬಹುದು. ಇದರಲ್ಲಿ ಸ್ಯಾಂಡ್‌ವಿಚ್ಚಿಗೆ ಮೇಲಿನ ಮನೆಯವರ ಹೆಸರೂ ಗೊತ್ತಿಲ್ಲ."

ಪಣಂಬೂರಿಗೂ ಪ್ರವಾಸಿ ಹಡಗು ಬರುತ್ತದಲ್ಲ, ಮಳೆಗಾಲ ಕಳೆದ ಮೇಲೆ. ಇಳಿದವರಿಗೆ ಚೆಂಡೆ ಬಾರಿಸಿ ಸ್ವಾಗತ ಮಾಡಿ, ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಗೇರುಬೀಜದ ಫ್ಯಾಕ್ಟರಿ, ಮೂಡಬಿದಿರೆ ಅಂತ ಬಸ್ಸಿನಲ್ಲಿ ಸುತ್ತಿಸುತ್ತಾರೆ. ಹೊತ್ತಿಳಿಯುವ ಮೊದಲು ವಾಪಸು ಹಡಗು ಹತ್ತಬೇಕು. ನನ್ನ ಪ್ರಕಾರ ಅವರಿಗೆ ಅವಸರ ಇರುವುದು ಸಾವಿರ ಕಂಬದ ಬಸದಿ ಬಿಟ್ಟು ಈ ಒಂದು ಕಂಬದ ತಿಂಡಿಗೆ.

"ಸ್ಕೋನ್ ಅಂದ್ರೆ ಎಂತ?" ಅಂತ ಗಲ್ಲಾಪೆಟ್ಟಿಗೆಯ ಹತ್ತಿರದಿಂದ ಪೈ ಮಾಮ್ ಕೇಳಿದರು. ಶೆಟ್ರ ಕಾರ್ಯಕ್ರಮದ ಆರ್ಡರು ಅವರಿಗೇ ಬರುವುದು, ಆದ್ದರಿಂದ ಕಿವಿ ಈಚೆಗಿತ್ತು.

"ನಮ್ಮ ಬನ್ಸಿನ ಹಾಗೆ. ಆದ್ರೆ ಎಣ್ಣೆಯಲ್ಲಿ ಕರಿಯುವುದಲ್ಲ, ಓವನ್ನಿನಲ್ಲಿ ಬೇಯಿಸುವುದು. ಬಾಳೆಹಣ್ಣಿಲ್ಲ, ಜೀರಿಗೆ ಇಲ್ಲ."

"ಮತ್ತೆ ಅದರಲ್ಲಿ ಎಂತ ಉಂಟು?"

"ಮೇಲೆ ಹಾಕುವುದರಲ್ಲಿ ಇರುವುದು ಮಾಮ್. ದಪ್ಪ ಕೆನೆ, ಮತ್ತೆ ಜಾಮ್."

ಇಲ್ಲಿ ಒಂದು ಕಥೆ. ಡೆವನ್ ಅಂತ ಒಂದು ಜಿಲ್ಲೆ, ಅಲ್ಲಿಯವರು ಮೊದಲು ಕೆನೆ ಹಚ್ಚಿ ಮೇಲೆ ಜಾಮ್ ಹಾಕುತ್ತಾರೆ. ಪಕ್ಕದ ಕಾರ್ನ್‌ವಾಲಿನವರು ಮೊದಲು ಜಾಮ್, ಮೇಲೆ ಕೆನೆ. ಇದರ ಮೇಲೆ ಅವರಲ್ಲಿ ಜಗಳವೇ ಉಂಟು. ಶೆಟ್ರ ಮೇಜಿಗೆ ಸಿಕ್ಕಿದ್ದು ಡೆವನ್ನಿನ ಒಬ್ಬರು ಅಜ್ಜಿ, ಕಾರ್ನ್‌ವಾಲಿನ ಒಬ್ಬರು ಅಜ್ಜ. ಏಳು ದಿನವೂ ಎದುರುಬದುರು ಕೂತು ಒಬ್ಬರ ತಟ್ಟೆಯನ್ನು ಒಬ್ಬರು ನೋಡಿ ನಿಟ್ಟುಸಿರು ಬಿಟ್ಟದ್ದೇ.

"ನೀವು ಯಾವ ಪಾರ್ಟಿ?"

"ನಾನು ಎರಡೂ ಹಾಕಿ ಕಲಸಿದೆ" ಅಂದರು ಶೆಟ್ರು. "ಇಬ್ಬರೂ ಒಟ್ಟಿಗೇ ಎದ್ದು ಹೋದರು."

ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಪೊರ್ಬುಗಳಿಗೆ (ನಮ್ಮಲ್ಲಿ ಕ್ಯಾಥೊಲಿಕರನ್ನು ಕರೆಯುವುದು ಹಾಗೆ) ಇದಕ್ಕೆ ನಗು ತಡೆಯಲಿಕ್ಕೆ ಆಗಲಿಲ್ಲ, ಚಾ ಮೂಗಿಗೆ ಹೋಯಿತು.

ಈ ಆಫ್ಟರ್‌ನೂನ್ ಟೀ ಶುರು ಮಾಡಿದ್ದು ಬೆಡ್‌ಫರ್ಡಿನ ಡಚೆಸ್ ಆನಾ ಅಂತ ಹೇಳುತ್ತಾರೆ, 1840ರ ಹೊತ್ತಿಗೆ. ದೊಡ್ಡ ಮನೆಗಳಲ್ಲಿ ರಾತ್ರಿ ಊಟ ತಡ ಮಾಡುವ ಫ್ಯಾಶನ್ನು ಬಂದಿತ್ತು, ಎಂಟು ಗಂಟೆಗೆ ಊಟ. ಮಧ್ಯಾಹ್ನ ತಿಂದದ್ದು ಕರಗಿ ಸಂಜೆಗೆ ಆಯಮ್ಮನಿಗೆ ಹೊಟ್ಟೆ ಚುರುಚುರು. ಕೋಣೆಗೆ ಚಾ, ಬ್ರೆಡ್ಡು ತರಿಸಿಕೊಂಡಳು, ಮತ್ತೆ ಗೆಳತಿಯರನ್ನೂ ಕರೆದಳು. ಇಷ್ಟೇ. ನನ್ನ ಅಜ್ಜಿಗೂ ನಾಲ್ಕು ಗಂಟೆಗೆ ಹೊಟ್ಟೆ ಚುರುಚುರು ಅನ್ನುತ್ತಿತ್ತು. ಬೆಲ್ಲ ಹಾಕಿದ, ಹಾಲಿಲ್ಲದ ಕಣ್ಣ ಚಾ, ಬಜಿಲ್ ಅಂದರೆ ಅವಲಕ್ಕಿ, ಅದಕ್ಕೆ ತೆಂಗಿನಕಾಯಿ. ನೆರೆಮನೆಯವರೂ ಬರುತ್ತಿದ್ದರು. ಡಚೆಸ್ಸಿಗೆ ಹಸಿವಾದರೆ ಚರಿತ್ರೆ, ಅಜ್ಜಿಗೆ ಹಸಿವಾದರೆ ಅವಲಕ್ಕಿ.

ಅದೇ 1840ರ ಜುಲೈಯಲ್ಲಿ ಸ್ಯಾಮ್ಯುವೆಲ್ ಕುನಾರ್ಡ್ ಎಂಬವನ ಮೊದಲ ಅಂಚೆ ಹಡಗು 'ಬ್ರಿಟಾನಿಯಾ' ಲಿವರ್‌ಪೂಲಿನಿಂದ ಹೊರಟದ್ದು. ಹಾಲಿಗೆ ಅಂತ ಅದರಲ್ಲಿ ಒಂದು ದನವನ್ನೂ ಹತ್ತಿಸಿದ್ದರು. ನಾನು ಹೀಗೆ ಹೇಳಿದ್ದೇ ತಡ, ಭಟ್ರಿಗೆ ಇಡೀ ಚರ್ಚೆಯಲ್ಲಿ ಮೊದಲ ಬಾರಿ ಇಂಗ್ಲಿಷರ ಮೇಲೆ ಗೌರವ ಬಂತು.

"ಹುಲ್ಲು?" ಅಂತ ಕೇಳಿದರು.

"ಗೊತ್ತಿಲ್ಲ ಭಟ್ರೇ."

"ಅದನ್ನಲ್ಲವಾ ಬರೆದಿಡಬೇಕಾದ್ದು!"

"ಈಗ ದನ ಇಲ್ಲ, ನಾಯಿ ಉಂಟು" ಅಂದರು ಪೊರ್ಬುಗಳು, ಮೂಗು ಒರೆಸಿಕೊಂಡು. "ಕ್ವೀನ್ ಮೇರಿ 2 ಉಂಟಲ್ಲ, 345 ಮೀಟರ್ ಉದ್ದದ್ದು, ಅದರಲ್ಲಿ ನಾಯಿಗಳಿಗೇ ಬೇರೆ ಜಾಗ. ಇಂಗ್ಲಿಷ್ ನಾಯಿಗೆ ಕಾಲೆತ್ತಲಿಕ್ಕೆ ಇಂಗ್ಲೆಂಡಿನ ದೀಪದ ಕಂಬ. ಅಮೆರಿಕದ ನಾಯಿಗೆ ಅಲ್ಲಿಯ ಬೀದಿಯ ಫೈರ್ ಹೈಡ್ರಂಟ್, ಬೆಂಕಿ ಆರಿಸುವ ನೀರಿನ ನಳ್ಳಿ. ಮತ್ತೆ ಒಂದು ವಿಷಯ. ಇಂಗ್ಲಿಷರ ಅರಮನೆಯಲ್ಲಿ ಚಾ ರೂಢಿ ಮಾಡಿಸಿದ್ದು ನಮ್ಮ ಕಡೆಯವಳು."

"ನಿಮ್ಮ ಕಡೆಯವಳು ಹೇಗೆ?"

"ಪೋರ್ಚುಗೀಸ್ ಅಲ್ವಾ? ಕ್ಯಾಥರೀನ್. 1662ರಲ್ಲಿ ಎರಡನೇ ಚಾರ್ಲ್ಸನನ್ನು ಮದುವೆಯಾದ್ದು. ಪೋರ್ಚುಗೀಸರೂ ಚಾ ಅಂತಲೇ ಹೇಳುವುದು, ನಮ್ಮ ಹಾಗೆ. ಟೀ ಅಲ್ಲ. ವರದಕ್ಷಿಣೆಗೆ ಮುಂಬಯಿ ಕೊಟ್ಟರು."

"ನೋಡಿ ಶೆಟ್ರೇ, ಅವರು ಇಡೀ ಮುಂಬಯಿ ಕೊಟ್ಟು ಚಾ ಕುಡಿಸಿದ್ದು. ನೀವು ಬರೀ ಮಗಳ ದುಡ್ಡಿನಲ್ಲಿ ಕುಡಿದು ಬಂದಿದ್ದೀರಿ. ಅಗ್ಗ ಆಯ್ತು."

"ಆ ಮುಂಬಯಿಯಲ್ಲಿ ಮತ್ತೆ ಹೋಟೆಲು ಇಟ್ಟು ಚಾ ಮಾರಿದ್ದು ನಮ್ಮವರು" ಅಂತ ಶೆಟ್ರು ಮೀಸೆ ತಿರುವಿದರು. ಲೆಕ್ಕ ಸಮ ಆಯಿತು.

ಪೈ ಮಾಮ್ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ಅವರ ಕಷ್ಟ ಬೇರೆ. "ಶೆಟ್ರೇ, ಸ್ಟ್ಯಾಂಡಿನಲ್ಲಿ ಗೋಳಿಬಜೆ ಇಡಿ ಅಂದ್ರಿ. ಅದು ಉರುಂಟು. ಟೆರೇಸಿನಲ್ಲಿ ಗಾಳಿ. ಒಂದು ಉರುಳಿದರೆ ಮೇಲಿನಿಂದ ಸೀದಾ ಕೆಳಗೆ ಬಟ್ಲಿನ ಚಟ್ನಿಗೆ."

"ಬಿಲ್ಡಿಂಗಿಗೆ ಪ್ಯಾರಾಪೆಟ್ ಇಲ್ಲದಿದ್ರೆ ಹಾಗೇ" ಅಂದೆ. "ಮಹಾನಗರಪಾಲಿಕೆಯವರು ಕಂಪ್ಲೀಷನ್ ಕೊಡುವುದಿಲ್ಲ."

"ತಟ್ಟೆಗೆ ಒದ್ದೆ ಬಟ್ಟೆ ಹಾಸಿ ಮಾಮ್" ಅಂದರು ಪೊರ್ಬುಗಳು. "ಸಮುದ್ರ ಎದ್ದಾಗ ನಾವು ಮೇಜುಬಟ್ಟೆ ಒದ್ದೆ ಮಾಡಿ ಬಿಡುತ್ತಿದ್ದೆವು. ತಟ್ಟೆ, ಕಪ್ಪು ಎಂತದೂ ಜಾರುವುದಿಲ್ಲ. ಕಪ್ಪಿಗೆ ಮುಕ್ಕಾಲು ಮಾತ್ರ ಹೊಯ್ಯುವುದು. ನನಗೆ ಈಗಲೂ ಅದೇ ಅಭ್ಯಾಸ. ಮನೆಗೆ ಬಂದವರಿಗೆ ಮುಕ್ಕಾಲು ಕಪ್ ಕೊಟ್ಟು ಹೆಂಡತಿ ಹತ್ತಿರ ಬೈಸಿಕೊಳ್ತೇನೆ, ಪಿಟ್ಟಾಸಿ ಅಂತ."

ಆಗ ಮಾಣಿ ಬಂದು ಆ ಕಪ್ಪಗಿನ ಒದ್ದೆ ಬಟ್ಟೆಯಲ್ಲಿ ನಮ್ಮ ಮೇಜು ಒರೆಸಿದ. ಇಷ್ಟು ವರ್ಷ ನಾವು ಅದನ್ನು ಕೊಳಕು ಅಂತ ಬೈದದ್ದು. ಪಾಪ, ಹುಡುಗ ದಿನಾ ಬಿರುಗಾಳಿಗೆ ತಯಾರಿ ಮಾಡುತ್ತಿದ್ದ.

ಪೊರ್ಬುಗಳು ಹದಿನೆಂಟು ವರ್ಷ ಹಡಗಿನಲ್ಲಿದ್ದವರು, ಬೇರೆ ಬೇರೆ ಹಡಗು. ಶೆಟ್ರು ಹೇಳುತ್ತಿದ್ದರಲ್ಲ, ಬಿಳಿ ಗ್ಲೌಸಿನವರು ಸಾಲಾಗಿ ಬರುತ್ತಾರೆ ಅಂತ. ಆ ಸಾಲಿನಲ್ಲಿ ಇವರು. ಶೆಟ್ರಿಗೆ ಅದು ಈಗ ನೆನಪಾಯಿತು ಅಂತ ಕಾಣುತ್ತದೆ.

"ಹಾಗಾದ್ರೆ ಪೊರ್ಬುಗಳೇ, ನೀವು ದಿನಾ ಅದನ್ನು..."

"ಕೂತು ಕುಡಿದದ್ದಿಲ್ಲ. ನಮ್ಮದು ಕೆಳಗೆ, ಮೆಸ್ಸಿನಲ್ಲಿ. ದೊಡ್ಡ ಮಗ್ಗು." ಸ್ವಲ್ಪ ಹೊತ್ತು ಗ್ಲಾಸು ತಿರುಗಿಸಿದರು. "ಬೇಸಗೆಯಲ್ಲಿ ಸೌತಾಂಪ್ಟನ್ನಿಂದ ಹೊರಟ ದಿನ ಮೂರೂವರೆಗೆ ಮೊದಲ ಕಪ್ ಹೊಯ್ಯುವಾಗ ಊರಲ್ಲಿ ರಾತ್ರಿ ಎಂಟು. ಕುಲಶೇಖರದಲ್ಲಿ ಮನೆಯಲ್ಲಿ ಎಲ್ಲ ತೇರ್ಸಿಗೆ, ಜಪಮಾಲೆಯ ಪ್ರಾರ್ಥನೆಗೆ, ಮೊಣಕಾಲೂರಿದ ಹೊತ್ತು. ನಾನೂ ಮನಸ್ಸಿನಲ್ಲೇ ಹೇಳುವುದು. ಒಂದು ಕಪ್ಪಿಗೆ ಒಂದು ನಮೋ ಮರಿಯೆ. ಆದ್ರೆ ಅಮೆರಿಕದ ಕಡೆ ಹೋಗುವಾಗ ರಾತ್ರಿ ಗಡಿಯಾರ ಒಂದೊಂದು ಗಂಟೆ ಹಿಂದೆ ತಿರುಗಿಸ್ತಾರೆ. ನಾಡಿದ್ದು ಹೊಯ್ಯುವಾಗ ಊರಲ್ಲಿ ಒಂಬತ್ತು, ಮತ್ತೆ ಹತ್ತು. ನ್ಯೂಯಾರ್ಕಿನ ಹೊತ್ತಿಗೆ ಅದೇ ಮೂರೂವರೆಯ ಚಾಕ್ಕೆ ಇಲ್ಲಿ ನಡುರಾತ್ರಿ ಒಂದು. ಎಲ್ಲರೂ ಮಲಗಿ ಆಗಿರ್ತದೆ. ನಾನೊಬ್ಬನೇ."

ನನಗೆ ಅಪಾರ್ಟ್‌ಮೆಂಟಿನ ಇನ್ನೊಂದು ಮಾತು ಬಾಯಿಗೆ ಬಂದಿತ್ತು, ಬೇಸ್‌ಮೆಂಟಿನ ಬಗ್ಗೆ. ಗೋಳಿಬಜೆ ಬಾಯಿಗೆ ಹಾಕಿಕೊಂಡೆ.

"ಆ ಗ್ಲೌಸ್ ಉಂಟಾ ಈಗ?" ಅಂತ ಶೆಟ್ರು ಮೆಲ್ಲಗೆ ಕೇಳಿದರು. ಕೇಳಬಾರದಿತ್ತು. ಅವರ ತಲೆಯಲ್ಲಿ ಟೆರೇಸು ಓಡುತ್ತಿದೆ ಅಂತ ಎಲ್ಲರಿಗೂ ಗೊತ್ತಾಯಿತು.

"ಒಂದು ಜೊತೆ ತಂದಿದ್ದೆ. ಹೆಂಡತಿ ಅದನ್ನು ಹಾಕಿ ಹಲಸಿನಹಣ್ಣು ಬಿಡಿಸ್ತಾಳೆ. ಪೂರಾ ಮೇಣ. ಈಗ ಬೆರಳು ಒಂದಕ್ಕೊಂದು ಅಂಟಿ ಬಾತುಕೋಳಿ ಕಾಲಿನ ಹಾಗೆ ಆಗಿದೆ."

ಭಟ್ರು ನಕ್ಕರು, ಪೈ ಮಾಮ್ ನಕ್ಕರು, ಪೊರ್ಬುಗಳೂ ನಕ್ಕರು. ಶೆಟ್ರು ಮಾತ್ರ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಚಾ ಬಿದ್ದಲ್ಲಿ ಒರೆಸಿ ಒರೆಸಿ ಚಿನ್ನದ ಬಣ್ಣ ಎದ್ದಿತ್ತು. 'ಹೈ' ಅಂಗಿಗೆ ಹತ್ತಿತ್ತು, 'ಟೀ' ಮಾತ್ರ ಉಳಿದಿತ್ತು.

ಪೊರ್ಬುಗಳು ಗೋಡೆಯ ಗಡಿಯಾರ ನೋಡಿದರು. ಏಳೂಕಾಲು. ಕೊಡೆ ತೆಗೆದುಕೊಂಡರು. "ಬರ್ತೇನೆ. ತೇರ್ಸಿಗೆ ಹೊತ್ತಾಯ್ತು."

ಮೆಟ್ಟಿಲು ಇಳಿಯುವಾಗ ಶೆಟ್ರು ಹಿಂದಿನಿಂದ ಕೂಗಿದರು. "ಪೊರ್ಬುಗಳೇ, ಹದಿನೆಂಟಕ್ಕೆ ನಾಲ್ಕು ಗಂಟೆಗೆ. ಬಾಯಮ್ಮನನ್ನೂ ಕರ್ಕೊಂಡು. ಕೂತುಕೊಳ್ಳಲಿಕ್ಕೆ, ಆಯ್ತಾ? ಬರಿಗೈಯಲ್ಲೇ ಬನ್ನಿ!"