ಅಪ್‌ಡೇಟ್: ಗಾಲ್ಫ್ ಟ್ರಿಪ್ ಮುಗೀತು, ಜಗಳ ಮುಗಿದಿಲ್ಲ
ಕಲಬುರಗಿ ಗೆಳೆಯರೆಲ್ಲಾ ಪ್ರತಿ ವರ್ಷ ಹೈದರಾಬಾದಿಗಿ ಗಾಲ್ಫ್ ಆಡ್ಲಾಕ ಹೋಗ್ತೀವಿ, ಪ್ರತಿಸಲ ಒಬ್ಬನೇ ಗೆಲ್ತಾನ, ಏನ್ ಮಾಡ್ಬೇಕು ಅಂತ ಕೇಳಿದ್ನಲ್ರೀ. ನೀವು ಹೇಳಿದಂಗ ಈ ಸಲ ಹ್ಯಾಂಡಿಕ್ಯಾಪ್ (ಆಟ ಕಡಿಮಿ ಇದ್ದವ್ರಿಗಿ ಒಂದಿಷ್ಟು ಹೊಡತ ಮಾಫಿ) ಹಚ್ಚಿ ಸ್ಟೇಬಲ್‌ಫೋರ್ಡ್ ಆಡಿದ್ವಿ, ಅಂದ್ರ ಒಂದೊಂದ್ ಹೋಲಿಗಿ (ಬಾಲ್ ಹಾಕೋ ಕುಣಿ) ಬ್ಯಾರೆ ಬ್ಯಾರೆ ಪಾಯಿಂಟ್, ಮಾಫಿ ಹೊಡತ ಕಳದು ಲೆಕ್ಕ: ಪಾರ್‌ಗೆ (ಆ ಹೋಲಿಗಿ ಗೊತ್ತು ಮಾಡಿದಷ್ಟೇ ಹೊಡತ) 2 ಪಾಯಿಂಟ್, ಬರ್ಡಿಗೆ (ಒಂದ್ ಹೊಡತ ಕಡಿಮಿ) 3, ಬೋಗಿಗೆ (ಒಂದ್ ಹೆಚ್ಚು) 1, ಅದಕ್ಕಿಂತ ಕೆಟ್ಟ ಆದ್ರ ಸೊನ್ನೆ, ಬಾಲ್ ಎತ್ಕೊಂಡು ಮುಂದ್ ನಡಿ ಅಷ್ಟ. ಗೋಲ್ಕೊಂಡಾ ಕೋಟೆ ಬಾಜೂಕ ನಯಾ ಕಿಲಾದಾಗಿನ ಕೋರ್ಸ್ ಅದು, ಭಾಳ ಛಂದ ಅದ. ನಮ್ಮ ಡಾಕ್ಟ್ರು ಬಂಕರ್‌ದಾಗ (ಮರಳಿನ ತಗ್ಗಿನ್ಯಾಗ) ಎಷ್ಟ್ ಹೊಡದ್ರೂ ಬರೇ ಮರಳು ಹಾರ್ತದ, ಬಾಲ್ ಅಲ್ಲೇ! ಮೊದ್ಲಿನ ಲೆಕ್ಕದಾಗ, ಎಲ್ಲಾ ಹೊಡತ ಕೂಡಿಸಿದ್ರ, ಅವರ ಆಟ ಅಲ್ಲಿಗೇ ಖಲಾಸ್, ಈಗ ಒಂದ್ ಹೋಲ್ ಹೋತು ಅಷ್ಟೇ, ಖರೇ ಹೇಳ್ತೀನಿ ಕೊನಿಗಿ ಅವರೇ ಗೆದ್ರು. ಹಳೇ ಚಾಂಪಿಯನ್ ವಾಪಸ್ ಬರೋವಾಗ ಹುಮನಾಬಾದ್ ತನಕ ಮಾತೇ ಇಲ್ಲ, ರೊಟ್ಟಿ ಶೇಂಗಾ ಹಿಂಡಿ ಬಿಚ್ಚಿದ ಮ್ಯಾಲ ಡಾಕ್ಟ್ರ ಹ್ಯಾಂಡಿಕ್ಯಾಪ್ ಕಡಿಮಿ ಮಾಡ್ರಿ ಅಂತ ಚಾಲೂ ಮಾಡ್ಯಾನ.